ಕತೆ ಮುಗಿದ ಮೇಲಿನ ಪುಟ: ಓದುಗರನ್ನು ಹುಡುಕುವ ಕೆಲಸ ಎಲ್ಲಿಂದ ಶುರು ಮಾಡಬೇಕು

ಮೊದಲ ಪುಸ್ತಕ ತಂದ ಕತೆಗಾರರು ಪ್ರಚಾರದ ಬಗ್ಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಎಲ್ಲಿ ಹಾಕಲಿ?’ ಫೇಸ್‌ಬುಕ್ಕೋ, ಇನ್‌ಸ್ಟಾಗ್ರಾಮೋ, ವಾಟ್ಸಾಪ್ ಗ್ರೂಪೋ? ನಾನು ತಿರುಗಿಸಿ ಕೇಳುತ್ತೇನೆ: ನಿಮ್ಮ ಕತೆಯ ಕೊನೇ ಸಾಲಿನ ಕೆಳಗೆ ಏನಿದೆ? ಬಹಳ ಮಂದಿಗೆ ಅಲ್ಲಿ ಏನೂ ಇರುವುದಿಲ್ಲ. ಖಾಲಿ ಜಾಗ, ಇಲ್ಲವೆಂದರೆ ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ.

ಇನ್ನೂರು ಪುಟ ನಿಮ್ಮ ಜೊತೆಗೇ ಬಂದ ಒಬ್ಬರು ಆ ಸಾಲಿನಲ್ಲಿ ನಿಂತಿದ್ದಾರೆ. ನಿಮ್ಮ ಹೆಸರು ಅವರಿಗೆ ಗೊತ್ತು, ನಿಮ್ಮ ಬರವಣಿಗೆಯ ರುಚಿ ಹತ್ತಿದೆ, ಪಕ್ಕದಲ್ಲೇ ಫೋನ್ ಇದೆ. ಇನ್ನೊಂದು ಕತೆ ಸಿಕ್ಕರೆ ಈಗಲೇ ಓದುತ್ತಾರೆ. ಅಂಥವರನ್ನು ಹಾಗೇ ಹೋಗಗೊಟ್ಟು, ನಮ್ಮ ಒಂದು ಸಾಲನ್ನೂ ಓದದ ಸಾವಿರ ಜನರ ಮುಂದೆ ‘ದಯವಿಟ್ಟು ಓದಿ, ಬೆಂಬಲಿಸಿ’ ಎಂದು ಪೋಸ್ಟರ್ ಹಂಚುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಅದಕ್ಕೇ ನಾನು ಈ ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಮಾಡಿ ಎನ್ನುತ್ತೇನೆ. ಮೊದಲು ಕೊನೆಯ ಪುಟ, ಆಮೇಲೆ ಬೆನ್ನುಡಿ, ಅದಾದ ಮೇಲೆ ಹೊರಗಿನ ಜಗತ್ತು. ನಾನು ಬರೆಯುವುದು ಪತ್ತೇದಾರಿ ಕತೆ, ಹಾಗಾಗಿ ಉದಾಹರಣೆಗಳೂ ಅಲ್ಲಿನವೇ. ಪ್ರೇಮಕತೆ, ವಿಜ್ಞಾನ ಕತೆ, ಗಂಭೀರ ಕಾದಂಬರಿ ಯಾವುದಾದರೂ ದಾರಿ ಇದೇ.

ಕೊನೆಯ ಪುಟದಲ್ಲಿ ಏನು ಬರೆಯಬೇಕು

ನನ್ನ ಒಂದು ಕಾದಂಬರಿಯ ನಾಯಕಿ ಸುಮಿತ್ರಾ, ಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಕರಡು ತಿದ್ದುವವಳು. ಅದರ ಕೊನೇ ಸಾಲು ಮುಗಿದ ಕೂಡಲೇ, ಎದುರು ಪುಟದಲ್ಲಿ ಇಷ್ಟಿದೆ:

‘ಸುಮಿತ್ರಾ ಈ ಕೆಲಸಕ್ಕೆ ಸೇರಿದ ಮೊದಲ ವಾರ ಏನಾಯಿತು ಎಂಬುದು ಇನ್ನೊಂದು ಕತೆ. ಚಿಕ್ಕದು, ಒಂದೇ ಕೂತಿನಲ್ಲಿ ಮುಗಿಯುತ್ತದೆ. ಬೇಕಿದ್ದರೆ ಇಲ್ಲಿ ನಿಮ್ಮ ಇಮೇಲ್ ಕೊಡಿ, ಕಳಿಸುತ್ತೇನೆ. ಮುಂದಿನ ಪುಸ್ತಕ ಬಂದಾಗಲೂ ತಿಳಿಸುತ್ತೇನೆ. ಸಾಕೆನಿಸಿದ ದಿನ ಪತ್ರದ ಕೆಳಗಿನ ಲಿಂಕ್ ಒತ್ತಿದರೆ ಮತ್ತೆ ಬರುವುದಿಲ್ಲ.’

ಇದರಲ್ಲಿ ಕೇಳಿರುವುದು ಒಂದೇ ಒಂದು. ರೇಟಿಂಗ್ ಕೊಡಿ, ಫಾಲೋ ಮಾಡಿ, ಶೇರ್ ಮಾಡಿ, ಇನ್ನೊಂದು ಪುಸ್ತಕವನ್ನೂ ಕೊಳ್ಳಿ ಎಂದು ನಾಲ್ಕು ಬೇಡಿಕೆ ಇಟ್ಟರೆ ಓದುಗರು ಒಂದನ್ನೂ ಮಾಡದೆ ಪುಸ್ತಕ ಮುಚ್ಚುತ್ತಾರೆ. ಎರಡನೆಯದಾಗಿ, ಕೇಳುವ ಮೊದಲು ಕೊಡುತ್ತೇನೆ ಎಂದಿದ್ದೇನೆ, ಅದೂ ಈಗಷ್ಟೇ ಬಿಟ್ಟುಬಂದ ಪಾತ್ರದ್ದೇ ಕತೆಯನ್ನು. ಆ ಬೋನಸ್ ಕತೆ ಕಾದಂಬರಿಯಿಂದ ಕತ್ತರಿಸಿ ಬಿಸಾಡಿದ ಅಧ್ಯಾಯವಾಗಿರಬಾರದು. ಬಿಸಾಡಿದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಓದುಗರಿಗೂ ಅದು ಗೊತ್ತಾಗುತ್ತದೆ. ಆದಿ ಅಂತ್ಯ ಎರಡೂ ಇರುವ ಪೂರ್ತಿ ಕತೆಯನ್ನೇ ಕೊಡಿ.

ಅಚ್ಚಾದ ಪುಸ್ತಕವಾದರೆ ಕ್ಯೂಆರ್ ಕೋಡ್ ಹಾಕಿ, ಅದರ ಕೆಳಗೆ ಕೈಯಲ್ಲಿ ಟೈಪ್ ಮಾಡಬಹುದಾದ ಚಿಕ್ಕ ವಿಳಾಸವೂ ಇರಲಿ. ಆ ವಿಳಾಸ ನಿಮ್ಮದೇ ಡೊಮೈನ್‌ನದಾಗಿರಲಿ, ಅಂದರೆ ನೀವೇ ಕೊಂಡ ಜಾಲತಾಣದ ಹೆಸರಿನದು. ಬೇರೆಯವರ ಸೇವೆಯ ಲಿಂಕ್ ನಾಳೆ ಸತ್ತರೆ ಅಚ್ಚಾದ ಪುಟ ತಿದ್ದಲು ಬರುವುದಿಲ್ಲ.

ಸಣ್ಣಕತೆ ಬರೆದು ಪತ್ರಿಕೆಗಳಿಗೆ ಕಳಿಸುವವರಿಗೆ ಕೊನೆಯ ಪುಟ ಎಲ್ಲಿಂದ ಬರಬೇಕು ಎನ್ನಬಹುದು. ನಿಮಗಿರುವುದು ಲೇಖಕರ ಪರಿಚಯದ ಎರಡು ಸಾಲು. ಅದನ್ನು ‘ಓದು, ಪ್ರವಾಸ, ಛಾಯಾಗ್ರಹಣ ಇವರ ಹವ್ಯಾಸ’ ಎಂದು ಹಾಳುಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕತೆ ಮೆಚ್ಚಿದವರಿಗೆ ನಿಮ್ಮ ಕ್ಯಾಮೆರಾ ಕಟ್ಟಿಕೊಂಡು ಏನಾಗಬೇಕು? ‘ಕರಡು ತಿದ್ದುವ ಸುಮಿತ್ರಾಳ ಇನ್ನಷ್ಟು ಕತೆಗಳು ಇಲ್ಲಿವೆ’ ಎಂದು ವಿಳಾಸ ಕೊಡಿ. ಸಂಪಾದಕರು ಇದಕ್ಕೆ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ.

ಪತ್ರ ಬರೆಯಿರಿ

ಇಮೇಲ್ ಹಳೇಕಾಲದ್ದು ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಲೆಕ್ಕ ಸರಳ. ಸಾಮಾಜಿಕ ಜಾಲತಾಣದಲ್ಲಿ ನಿಮಗೆ ಎಷ್ಟೇ ಸಾವಿರ ಫಾಲೋವರ್‌ಗಳಿದ್ದರೂ ನಿಮ್ಮ ಪೋಸ್ಟನ್ನು ಎಷ್ಟು ಜನರಿಗೆ ತೋರಿಸಬೇಕು ಎಂಬುದನ್ನು ತೀರ್ಮಾನಿಸುವುದು ಆ ಕಂಪನಿ. ಇಮೇಲ್ ಪಟ್ಟಿಯನ್ನು ಒಂದು ಫೈಲಾಗಿ ಇಳಿಸಿಕೊಂಡು ಬೇರೆ ಸೇವೆಗೆ ಒಯ್ಯಬಹುದು, ಫಾಲೋವರ್‌ಗಳನ್ನು ಒಯ್ಯಲಾಗದು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಇನ್ನೊಂದು ತೊಡಕಿದೆ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ತಲುಪುತ್ತದೆ. 2023ರಲ್ಲಿ ಬಂದ ವಾಟ್ಸಾಪ್ ಚಾನೆಲ್‌ನಲ್ಲಿ ಆ ಕಾಟವಿಲ್ಲ, ಆದರೆ ಅಲ್ಲಿ ಓದುಗರು ಇಮೇಲಿನಲ್ಲಿ ಬರೆದಂತೆ ನಿಮಗೆ ತಿರುಗಿ ಬರೆಯಲಾರರು. ನನಗೆ ಬೇಕಾಗಿರುವುದೇ ಆ ಮಾರುತ್ತರ.

ಒಪ್ಪಿಗೆ ಇಲ್ಲದೆ ಯಾರ ವಿಳಾಸವನ್ನೂ ಪಟ್ಟಿಗೆ ಸೇರಿಸಬೇಡಿ, ಹಳೆಯ ಸಹೋದ್ಯೋಗಿಗಳದ್ದಾಗಲಿ ಮದುವೆಗೆ ಕರೆದವರದ್ದಾಗಲಿ. ಹಲವು ದೇಶಗಳಲ್ಲಿ ಇದಕ್ಕೆ ಕಾನೂನೇ ಇದೆ: 2018ರಿಂದ ಜಾರಿಯಲ್ಲಿರುವ ಯುರೋಪಿನ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಇದಕ್ಕೊಂದು ಉದಾಹರಣೆ. ಕಾನೂನು ಬಿಡಿ, ಕೇಳದೆ ಬಂದ ಪತ್ರವನ್ನು ಜನ ಸ್ಪ್ಯಾಮ್ ಎಂದು ಗುರುತು ಹಾಕುತ್ತಾರೆ. ಆಮೇಲೆ ಕೇಳಿ ಪಡೆದವರಿಗೂ ನಿಮ್ಮ ಪತ್ರ ಸ್ಪ್ಯಾಮ್ ಪೆಟ್ಟಿಗೆಗೇ ಹೋಗತೊಡಗುತ್ತದೆ.

‘ಎಷ್ಟು ಜನ ತೆರೆದರು’ ಎಂಬ ಶೇಕಡಾವಾರು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಪತ್ರದೊಳಗೆ ಅಡಗಿಸಿಟ್ಟ ಕಣ್ಣಿಗೆ ಕಾಣದ ಚಿತ್ರವೊಂದು ಲೋಡ್ ಆದಾಗ ‘ತೆರೆದರು’ ಎಂದು ಎಣಿಕೆಯಾಗುತ್ತದೆ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪಿನಲ್ಲಿ ತಂದ ಖಾಸಗಿತನದ ವ್ಯವಸ್ಥೆ ಆ ಚಿತ್ರಗಳನ್ನು ತಾನೇ ಮುಂಚಿತವಾಗಿ ಲೋಡ್ ಮಾಡಿಬಿಡುತ್ತದೆ. ಅಂದರೆ ಪತ್ರವನ್ನು ಮುಟ್ಟದವರೂ ಓದಿದವರ ಲೆಕ್ಕಕ್ಕೆ ಸೇರುತ್ತಾರೆ. ಎಷ್ಟು ಜನ ಲಿಂಕ್ ಒತ್ತಿದರು, ಎಷ್ಟು ಜನ ಮಾರುತ್ತರ ಬರೆದರು, ನಂಬಬೇಕಾದದ್ದು ಈ ಎರಡನ್ನು.

ತಿಂಗಳಿಗೊಂದು ಪತ್ರ ಧಾರಾಳವಾಗಿ ಸಾಕು. ಏನು ಬರೆಯುವುದು ಎಂದು ತಲೆ ಕೆಡಿಸಿಕೊಳ್ಳಬೇಡಿ. ಈಗ ಬರೆಯುತ್ತಿರುವುದರಿಂದ ಒಂದು ಚೂರು, ನೀವು ಓದಿ ಮೆಚ್ಚಿದ ಬೇರೆಯವರ ಪುಸ್ತಕ ಒಂದು, ಕೊನೆಗೆ ಒಂದು ಪ್ರಶ್ನೆ. ‘ಪುಸ್ತಕ ಹೇಗನಿಸಿತು?’ ಎಂದು ಕೇಳಿದರೆ ‘ಚೆನ್ನಾಗಿದೆ ಸಾರ್’ ಎಂಬ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಪ್ರಯೋಜನವಿಲ್ಲ. ನಾನು ಕೇಳುವ ಪ್ರಶ್ನೆ ಎರಡು. ಓದುತ್ತ ಓದುತ್ತ ಎಲ್ಲಿ ಪುಸ್ತಕ ಕೆಳಗಿಟ್ಟು ಎದ್ದಿರಿ? ಈ ಪುಸ್ತಕದ ಬಗ್ಗೆ ನಿಮ್ಮ ಗೆಳೆಯರಿಗೆ ಒಂದೇ ಸಾಲಿನಲ್ಲಿ ಹೇಗೆ ಹೇಳುತ್ತೀರಿ? ಮೊದಲನೆಯದು ಮುಂದಿನ ಪುಸ್ತಕ ಬರೆಯುವಾಗ ಕೆಲಸಕ್ಕೆ ಬರುತ್ತದೆ, ಎರಡನೆಯದು ಈ ಪುಸ್ತಕವನ್ನು ಮಾರುವಾಗ.

ಬೆನ್ನುಡಿ ಓದುಗರ ಬಾಯಿಂದ

ಸುಮಿತ್ರಾಳ ಕಾದಂಬರಿಗೆ ಮೊದಲಿದ್ದ ಬೆನ್ನುಡಿ ಹೀಗೆ ಶುರುವಾಗುತ್ತಿತ್ತು: ‘ಮನುಷ್ಯನ ಅಂತರಂಗದ ಕತ್ತಲೆ ಬೆಳಕುಗಳ ನಡುವಿನ ಸಂಘರ್ಷವನ್ನು ಮನೋಜ್ಞವಾಗಿ ಚಿತ್ರಿಸುವ, ಕ್ಷಣಕ್ಷಣಕ್ಕೂ ರೋಮಾಂಚನಗೊಳಿಸುವ...’ ಇದನ್ನು ಜಗತ್ತಿನ ಯಾವ ಪತ್ತೇದಾರಿ ಕಾದಂಬರಿಯ ಹಿಂದೆ ಹಚ್ಚಿದರೂ ಕೂರುತ್ತದೆ. ಹಾಗೆ ಎಲ್ಲಕ್ಕೂ ಕೂರುವ ಬೆನ್ನುಡಿಯಿಂದ ಒಂದು ಪ್ರತಿಯೂ ಹೆಚ್ಚಿಗೆ ಖರ್ಚಾಗುವುದಿಲ್ಲ.

ಓದಿದವರೊಬ್ಬರು ನನ್ನ ಎರಡನೇ ಪ್ರಶ್ನೆಗೆ ಬರೆದ ಉತ್ತರ: ‘ಕೊಲೆಗಾರ ಯಾರೆಂದು ನನಗೆ ಅರ್ಧದಲ್ಲೇ ಗೊತ್ತಾಯಿತು. ಆದರೆ ಆ ಕರಡು ತಿದ್ದುವ ಹೆಂಗಸು ಅಲ್ಪವಿರಾಮ ನೋಡಿ ಕಳ್ಳನನ್ನು ಹಿಡಿಯುವುದನ್ನು ನೋಡಬೇಕಿತ್ತು, ಅದಕ್ಕೇ ಮುಗಿಸಿದೆ.’ ಕೊಲೆಗಾರ ಅರ್ಧದಲ್ಲೇ ಸಿಕ್ಕಿಬಿದ್ದದ್ದಕ್ಕೆ ಒಂದು ದಿನ ಮುಖ ಸಪ್ಪಗಾಗಿತ್ತು, ಅದು ಬೇರೆ ಮಾತು. ಬೆನ್ನುಡಿ ಮಾತ್ರ ಆ ಪತ್ರದಿಂದಲೇ ಹುಟ್ಟಿತು:

‘ರಾತ್ರಿ ಹನ್ನೊಂದೂವರೆ. ನಾಳೆಯ ಪತ್ರಿಕೆಗೆ ಶ್ರದ್ಧಾಂಜಲಿ ಜಾಹೀರಾತೊಂದು ಬಂದಿದೆ. ಸುಮಿತ್ರಾ ಅದರ ಕರಡು ತಿದ್ದಬೇಕು. ಹೆಸರು ಹೊಸದು, ಊರು ಹೊಸದು. ಫೋಟೊ ಮಾತ್ರ ಮೂರು ತಿಂಗಳ ಹಿಂದೆ ತೀರಿಕೊಂಡವನದು. ತಪ್ಪಾದ ಅಲ್ಪವಿರಾಮವೂ ಅದೇ ಜಾಗದಲ್ಲಿದೆ.’

ಒಬ್ಬ ವ್ಯಕ್ತಿ, ಅವಳ ಕೆಲಸ, ಸರಿಹೋಗದ ಒಂದು ವಿವರ, ಅಷ್ಟೇ. ರೋಮಾಂಚನವಾಗುತ್ತದೋ ಇಲ್ಲವೋ ಎಂಬುದನ್ನು ಓದುಗರೇ ಹೇಳಲಿ. ನಿಮ್ಮ ಬೆನ್ನುಡಿ ಗಟ್ಟಿಯಾಗಿದೆಯೇ ಎಂದು ನೋಡಲು ಅದರಲ್ಲಿರುವ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ. ಉಳಿದದ್ದು ಓದಿಸಿಕೊಂಡರೆ ಸರಿ.

ಮುಖಪುಟಕ್ಕೂ ಇದೇ ಮಾತು, ಬೆಳೆಸುವುದಿಲ್ಲ. ಒಂದೇ ಒಂದು ಪರೀಕ್ಷೆ: ಅದನ್ನು ಫೋನಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಹೆಸರು ಓದಲಾಗದಿದ್ದರೆ, ಯಾವ ಬಗೆಯ ಕತೆಯೆಂದು ಗೊತ್ತಾಗದಿದ್ದರೆ ಕಲಾವಿದರಿಗೆ ವಾಪಸ್ ಕಳಿಸಿ.

ಕಂತು ಕಂತಾಗಿ

ಹೊಸಬರಿಗೆ ಓದುಗರು ಸಿಗುವ ಹಳೆಯ ದಾರಿ ಧಾರಾವಾಹಿ. ಚಾರ್ಲ್ಸ್ ಡಿಕನ್ಸ್ 1836ರಲ್ಲಿ ‘ಪಿಕ್‌ವಿಕ್ ಪೇಪರ್ಸ್’ ಅನ್ನು ತಿಂಗಳ ಕಂತುಗಳಾಗಿ ಶುರು ಮಾಡಿದಾಗ ಮೊದಮೊದಲು ಮಾರಾಟ ಏನೇನೂ ಇರಲಿಲ್ಲ. ನಾಲ್ಕನೇ ಕಂತಿನಲ್ಲಿ ಸ್ಯಾಮ್ ವೆಲ್ಲರ್ ಎಂಬ ಮಾತಿನಮಲ್ಲ ಸೇವಕ ಬಂದ, ಜನ ಮುಗಿಬಿದ್ದರು. ಮುಗಿಯುವ ಹೊತ್ತಿಗೆ ಕಂತಿಗೆ 40,000 ಪ್ರತಿಗಳಷ್ಟು ಖರ್ಚಾಗುತ್ತಿದ್ದವು. ಓದುಗರಿಗೆ ಯಾವ ಪಾತ್ರ ಹಿಡಿಸಿತು ಎಂಬುದು ಬರೆಯುತ್ತಿರುವಾಗಲೇ ಗೊತ್ತಾಗುವುದು ಕಂತಿನ ದೊಡ್ಡ ಲಾಭ.

ಈಗ ಅದನ್ನು ಇನ್ನೂ ಹತ್ತಿರದಿಂದ ನೋಡಬಹುದು. 2006ರಲ್ಲಿ ಶುರುವಾದ ವಾಟ್‌ಪ್ಯಾಡ್‌ನಂಥ ತಾಣಗಳು ಪ್ರತಿ ಕಂತನ್ನು ಎಷ್ಟು ಸಲ ಓದಲಾಗಿದೆ ಎಂದು ಬೇರೆಬೇರೆಯಾಗಿ ತೋರಿಸುತ್ತವೆ. ಮೊದಲ ಕಂತಿನ ಅಂಕಿ ನೋಡಿ ಮರುಳಾಗಬೇಡಿ, ಅದರಲ್ಲಿ ಸುಮ್ಮನೆ ಇಣುಕಿ ಹೋದವರೆಲ್ಲ ಸೇರಿರುತ್ತಾರೆ. ಎರಡನೆಯ ಕಂತಿನಿಂದ ಲೆಕ್ಕ ಹಿಡಿಯಿರಿ. ಎರಡಕ್ಕೆ 400, ಮೂರಕ್ಕೆ 370, ನಾಲ್ಕಕ್ಕೆ 350, ಐದಕ್ಕೆ 180 ಎಂದಿಟ್ಟುಕೊಳ್ಳಿ. ಜನ ಕೈಬಿಟ್ಟದ್ದು ನಾಲ್ಕನೇ ಕಂತು ಓದುತ್ತಿರುವಾಗ. ಅದನ್ನು ತೆರೆದು ನೋಡಿದರೆ ಅಲ್ಲೊಂದು ಹಿನ್ನೋಟ, ಇಲ್ಲವೇ ನಾಯಕನ ತಾತನ ಕಾಲದ ಇತಿಹಾಸ ಕುಳಿತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಂಥ ಕಡೆ ಪ್ರಚಾರಕ್ಕೆ ಎಷ್ಟು ಸುರಿದರೂ ನಾಲ್ಕನೇ ಕಂತಿನ ತೂತಿನಲ್ಲೇ ಸೋರುತ್ತದೆ. ಮೊದಲು ಅದನ್ನು ತಿದ್ದಿ.

ಅಮೆರಿಕದ ಲೇಖಕ ಆ್ಯಂಡಿ ವೀರ್ ‘ದ ಮಾರ್ಶಿಯನ್’ ಎಂಬ ವಿಜ್ಞಾನ ಕಾದಂಬರಿಯನ್ನು ತಮ್ಮದೇ ಜಾಲತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ ಉಚಿತವಾಗಿ ಹಾಕುತ್ತಿದ್ದರು. ಓದುಗರು ಅದರಲ್ಲಿನ ವಿಜ್ಞಾನದ ತಪ್ಪುಗಳನ್ನು ತೋರಿಸಿ ಬರೆಯುತ್ತಿದ್ದರು, ಅವರು ತಿದ್ದಿಕೊಳ್ಳುತ್ತಿದ್ದರು. ಮುಗಿದ ಮೇಲೆ ಇ-ರೀಡರಿನಲ್ಲಿ ಓದುವ ಹಾಗೆ ಮಾಡಿಕೊಡಿ ಎಂದವರೂ, ಅಮೆಜಾನ್‌ನ ಇ-ಪುಸ್ತಕದಂಗಡಿ ಕಿಂಡಲ್‌ನಲ್ಲಿ ಹಾಕಿ ಎಂದವರೂ ಓದುಗರೇ. 2011ರಲ್ಲಿ ಕಿಂಡಲ್‌ಗೆ ಅಲ್ಲಿನ ಕನಿಷ್ಠ ಬೆಲೆ 99 ಸೆಂಟ್‌ಗೆ ಹಾಕಿದರು. ದೊಡ್ಡ ಪ್ರಕಾಶಕರ ಆವೃತ್ತಿ 2014ರಲ್ಲಿ ಬಂತು, ಮರುವರ್ಷ ಸಿನಿಮಾ. ಈ ಕತೆಯನ್ನು ಎಲ್ಲರೂ ಅದೃಷ್ಟದ ಕತೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಬೇರೆ: ಪ್ರತಿ ಹೆಜ್ಜೆಯಲ್ಲೂ ಮುಂದೇನು ಮಾಡಬೇಕೆಂದು ಹೇಳಿದವರು ಆಗಲೇ ಓದಿದ್ದವರು.

ಇಲ್ಲೊಂದು ಎಚ್ಚರಿಕೆ. ಕಿಂಡಲ್‌ನ ‘ಕೆಡಿಪಿ ಸೆಲೆಕ್ಟ್’ ಯೋಜನೆಗೆ ಪುಸ್ತಕ ಸೇರಿಸಿದರೆ 90 ದಿನ ಅದರ ಇ-ಪ್ರತಿ ಬೇರೆಲ್ಲೂ ಇರಕೂಡದು, ನಿಮ್ಮ ಸ್ವಂತ ತಾಣದಲ್ಲಿ ಉಚಿತವಾಗಿ ಕೂಡ. ಕಂತುಗಳು ಎಲ್ಲಾದರೂ ಉಳಿದಿದ್ದರೆ ಮೊದಲು ತೆಗೆಯಬೇಕು. ಜೊತೆಗೆ, ಕಿಂಡಲ್ ಎಲ್ಲ ಭಾಷೆಯ ಪುಸ್ತಕಗಳನ್ನೂ ತೆಗೆದುಕೊಳ್ಳುವುದಿಲ್ಲ. ಅವರ ಸಹಾಯ ಪುಟದಲ್ಲಿ ಭಾಷೆಗಳ ಪಟ್ಟಿ ಇದೆ, ಫೈಲ್ ಸಿದ್ಧಮಾಡಲು ಕೂರುವ ಮೊದಲೇ ಅದನ್ನು ನೋಡಿಕೊಳ್ಳಿ.

ಓದುಗರು ಈಗ ಎಲ್ಲಿದ್ದಾರೆ

ನಿಮ್ಮನ್ನು ಓದಬಹುದಾದವರು ಈ ಹೊತ್ತಿಗೆ ನಿಮ್ಮಂಥ ಇನ್ನೊಬ್ಬರನ್ನು ಓದುತ್ತಿದ್ದಾರೆ. ಆ ‘ಇನ್ನೊಬ್ಬರು’ ಯಾರೆಂದು ಮೂರು ನಾಲ್ಕು ಹೆಸರು ಬರೆದಿಟ್ಟುಕೊಳ್ಳಿ. ದಿಗ್ಗಜರ ಹೆಸರು ಬೇಡ; ನಿಮ್ಮಷ್ಟೇ ಅಥವಾ ನಿಮಗಿಂತ ಒಂದು ಮೆಟ್ಟಿಲು ಮೇಲಿರುವ, ಈಗ ಬರೆಯುತ್ತಿರುವವರ ಹೆಸರು. ಓದುಗರು ಪುಸ್ತಕಗಳಿಗೆ ನಕ್ಷತ್ರ ಕೊಡುವ ಗುಡ್‌ರೀಡ್ಸ್ ತಾಣದಲ್ಲಿ ಅವರ ಪುಸ್ತಕಗಳಿಗೆ ಬಂದ ಮೂರು ನಕ್ಷತ್ರದ ಅನಿಸಿಕೆಗಳನ್ನು ಓದಿ. ಐದು ಕೊಟ್ಟವರು ಹೊಗಳುತ್ತಾರೆ, ಒಂದು ಕೊಟ್ಟವರು ಬೈಯುತ್ತಾರೆ, ಮೂರು ಕೊಟ್ಟವರು ‘ಇದು ಇತ್ತು, ಅದು ಬೇಕಿತ್ತು’ ಎಂದು ವಿವರವಾಗಿ ಬರೆಯುತ್ತಾರೆ. ಆ ‘ಅದು’ ನಿಮ್ಮ ಪುಸ್ತಕದಲ್ಲಿದ್ದರೆ ಬೆನ್ನುಡಿಯಲ್ಲಿ ಮೊದಲು ಹೇಳಬೇಕಾದದ್ದು ಅದನ್ನೇ.

ಆಮೇಲೆ ಆ ಲೇಖಕರಿಗೇ ಬರೆಯಿರಿ. ಅವರ ಪುಸ್ತಕ ಓದಿ, ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಬರೆದು, ಆ ಪತ್ರದ ಪ್ರತಿಯನ್ನು ಕಳಿಸಿ. ಪ್ರತಿಯಾಗಿ ಏನೂ ಕೇಳಬೇಡಿ. ಕೆಲವರು ಸುಮ್ಮನಿರುತ್ತಾರೆ, ಕೆಲವರು ತಮ್ಮ ಓದುಗರಿಗೆ ನಿಮ್ಮ ಹೆಸರು ಹೇಳುತ್ತಾರೆ. ಹಾಗೆ ಬಾಯಿಂದ ಬಾಯಿಗೆ ಬಂದ ಓದುಗರು ಜಾಹೀರಾತು ನೋಡಿ ಬಂದವರಿಗಿಂತ ಹೆಚ್ಚು ದಿನ ನಿಲ್ಲುತ್ತಾರೆ ಎಂಬುದು ನನ್ನ ಅನುಭವ. ಓದುಗರ ಗುಂಪುಗಳಿಗೆ ಹೋಗುವುದಾದರೆ ಓದುಗರಾಗಿಯೇ ಹೋಗಿ. ಸೇರಿದ ದಿನವೇ ಮುಖಪುಟ ಅಂಟಿಸಿ ಮಾಯವಾಗುವ ಲೇಖಕರ ಮುಖ ಅಲ್ಲಿ ಎಲ್ಲರಿಗೂ ಗೊತ್ತಿದೆ.

ಅನಿಸಿಕೆಗಳ ವಿಷಯದಲ್ಲಿ ಅಡ್ಡದಾರಿ ಹಿಡಿಯಬೇಡಿ. ಅಮೆಜಾನ್ ನಿಯಮದ ಪ್ರಕಾರ ದುಡ್ಡು ಕೊಟ್ಟು ಬರೆಸಿದ ವಿಮರ್ಶೆಗೆ ಅವಕಾಶವಿಲ್ಲ, ಮನೆಮಂದಿ ಮತ್ತು ಆಪ್ತ ಗೆಳೆಯರು ಬರೆದದ್ದಕ್ಕೂ ಇಲ್ಲ. ಬಿಡುಗಡೆಗೆ ಮೊದಲು ಉಚಿತ ಪ್ರತಿ ಕೊಡಬಹುದು, ಆದರೆ ‘ವಿಮರ್ಶೆ ಬರೆಯಲೇಬೇಕು’ ಎಂಬ ಷರತ್ತು ಹಾಕುವಂತಿಲ್ಲ. ನಾನು ಮುಂಗಡ ಪ್ರತಿ ಕಳಿಸುವುದು ನನಗೆ ಮಾರುತ್ತರ ಬರೆದ ಓದುಗರಿಗೆ ಮಾತ್ರ, ಜೊತೆಗೆ ಒಂದು ಸಾಲು: ‘ಓದಿ ಏನನಿಸಿತೋ ಅದನ್ನೇ, ಅನಿಸಿದರೆ ಮಾತ್ರ, ಪುಸ್ತಕ ಹೊರಬಂದ ವಾರದಲ್ಲಿ ಬರೆಯಿರಿ.’

ಜನರ ಮುಂದೆ ಓದುವ ಅವಕಾಶ ಸಿಕ್ಕರೆ ಬಿಡಬೇಡಿ, ಆದರೆ ಮೊದಲ ಅಧ್ಯಾಯ ಓದಬೇಡಿ. ಅದರಲ್ಲಿ ಹವಾಮಾನ, ಊರು, ಮನೆ ಎಲ್ಲ ಪರಿಚಯವಾಗುವ ಹೊತ್ತಿಗೆ ಕೇಳುವವರು ಗಡಿಯಾರ ನೋಡಿರುತ್ತಾರೆ. ಇಬ್ಬರೇ ಮಾತಾಡುವ ಒಂದು ದೃಶ್ಯ ಆರಿಸಿ, ಐದಾರು ನಿಮಿಷದ್ದು. ‘ಅವನು ಹೇಳಿದ’, ‘ಅವಳು ಅಂದಳು’ಗಳಲ್ಲಿ ಅರ್ಧವನ್ನು ಓದುವ ಪ್ರತಿಯಲ್ಲಿ ಹೊಡೆದುಹಾಕಿ, ದನಿಯಲ್ಲೇ ವ್ಯತ್ಯಾಸ ತಿಳಿಯುತ್ತದೆ. ಉತ್ತರ ಬರುವ ಸಾಲಿಗೆ ಒಂದು ಸಾಲು ಮೊದಲೇ ನಿಲ್ಲಿಸಿ. ಕೆಳಗಿಳಿದಾಗ ‘ಆಮೇಲೇನಾಯಿತು?’ ಎಂದು ಕೇಳಲು ಬಂದವರ ಕೈಗೆ ಕ್ಯೂಆರ್ ಕೋಡ್ ಇರುವ ಬುಕ್‌ಮಾರ್ಕ್ ಕೊಡಿ.

ದುಡ್ಡಿನ ಮಾತು

2022ರಲ್ಲಿ ಫ್ಯಾಂಟಸಿ ಕಾದಂಬರಿಕಾರ ಬ್ರ್ಯಾಂಡನ್ ಸ್ಯಾಂಡರ್ಸನ್, ಜನರಿಂದ ಮುಂಗಡ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ನಾಲ್ಕು ಕಾದಂಬರಿಗಳಿಗೆ 4 ಕೋಟಿ ಡಾಲರಿಗೂ ಹೆಚ್ಚು ಎತ್ತಿದರು. ಅದನ್ನು ನೋಡಿ ‘ನಾನೂ ಒಂದು ಕ್ಯಾಂಪೇನ್ ಮಾಡುತ್ತೇನೆ’ ಎಂದು ಹೊರಡುವವರಿಗೆ ನನ್ನದೊಂದು ನೆನಪೋಲೆ: ಅವರ ಮೊದಲ ಕಾದಂಬರಿ ಬಂದದ್ದು 2005ರಲ್ಲಿ. ಕ್ಯಾಂಪೇನ್ ಓದುಗರನ್ನು ಹುಟ್ಟಿಸಲಿಲ್ಲ, ಹದಿನೇಳು ವರ್ಷದಿಂದ ಕೂಡಿಬಂದವರನ್ನು ಒಂದೆಡೆ ಕರೆಯಿತು.

ಅಮೆರಿಕದ ಲೇಖಕ ಕೆವಿನ್ ಕೆಲ್ಲಿ 2008ರಲ್ಲಿ ಬರೆದ ‘ಸಾವಿರ ನಿಜವಾದ ಅಭಿಮಾನಿಗಳು’ ಎಂಬ ವಾದವನ್ನೂ ಲೇಖಕರು ಬಹಳ ಉದ್ಧರಿಸುತ್ತಾರೆ. ಅಭಿಮಾನಿಯೊಬ್ಬರಿಂದ ವರ್ಷಕ್ಕೆ 100 ಡಾಲರ್ ಲಾಭ ಬಂದರೆ ಸಾವಿರ ಜನರಿಂದ 1 ಲಕ್ಷ ಎಂಬ ಲೆಕ್ಕ ಅದು. ಕಾದಂಬರಿಕಾರರಿಗೆ ಈ ಗುಣಾಕಾರ ಒಪ್ಪುವುದಿಲ್ಲ. ವರ್ಷಕ್ಕೊಂದು ಪುಸ್ತಕ ಬರೆಯುವವರಿಗೆ ಒಬ್ಬ ಓದುಗರಿಂದ ಅಷ್ಟು ಲಾಭ ಹೇಗೆ ಬಂದೀತು? ಸಾವಿರ ಜನರಿಂದ ಸಂಸಾರ ನಡೆಯಲಿಕ್ಕಿಲ್ಲ. ಆದರೆ ಆ ಸಾವಿರ ಜನ ಮೊದಲ ವಾರದಲ್ಲೇ ಓದಿ ಮಾತಾಡಿದರೆ ಪುಸ್ತಕ ಸದ್ದಿಲ್ಲದೆ ಸಾಯುವುದಿಲ್ಲ, ನನಗೆ ಅಷ್ಟು ಸಾಕು.

ಜಾಹೀರಾತಿಗೆ ಖರ್ಚು ಮಾಡುವುದಾದರೆ ಒಂದೇ ಪಾತ್ರದ ಮೂರು ಪುಸ್ತಕವಾದರೂ ಬಂದ ಮೇಲೆ ಮಾಡಿ. ಒಂದೇ ಪುಸ್ತಕ ಇರುವಾಗ ಒಬ್ಬ ಓದುಗರನ್ನು ಕರೆತರಲು ಆಗುವ ಖರ್ಚು ಆ ಪುಸ್ತಕದಿಂದ ಬರುವ ಗೌರವಧನವನ್ನು ಮೀರುವುದೇ ಹೆಚ್ಚು. ಮೂರಿದ್ದರೆ ಮೊದಲನೆಯದನ್ನು ಅಗ್ಗಕ್ಕೋ ಉಚಿತವಾಗಿಯೋ ಕೊಟ್ಟು ಉಳಿದೆರಡರಲ್ಲಿ ಹುಟ್ಟಿಸಿಕೊಳ್ಳಬಹುದು. ಆಗಲೂ ಚಿಕ್ಕ ಮೊತ್ತ ಹಾಕಿ, ಮೊದಲನೆಯದನ್ನು ಓದಿದವರಲ್ಲಿ ಎಷ್ಟು ಜನ ಎರಡನೆಯದಕ್ಕೆ ಬಂದರು ಎಂಬುದನ್ನು ನೋಡಿಯೇ ಮುಂದುವರಿಯಿರಿ.

ನಿಮ್ಮ ಹೆಸರು ನಾಲ್ಕು ಕಡೆ ಕಾಣಿಸಿಕೊಂಡ ಕೂಡಲೇ ಇನ್ನೊಂದು ಬಗೆಯ ಪತ್ರಗಳು ಬರತೊಡಗುತ್ತವೆ. ನಿಮ್ಮ ಕಾದಂಬರಿಯ ಕಥಾವಸ್ತುವನ್ನು ಬಿಡಿಬಿಡಿಯಾಗಿ ಹೊಗಳಿ, ನಮ್ಮ ಸಾವಿರಾರು ಸದಸ್ಯರ ಓದುಗ ಬಳಗದ ಮುಂದೆ ಇಡುತ್ತೇವೆ ಎಂದು, ಕೊನೆಯಲ್ಲಿ ‘ಸಣ್ಣ ಶುಲ್ಕ’ ಕೇಳುವ ಪತ್ರಗಳು. ಬೆನ್ನುಡಿಯನ್ನು ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ತಿನ್ನಿಸಿದರೆ ಅಂಥ ಮುಖಸ್ತುತಿ ಅರೆಗಳಿಗೆಯಲ್ಲಿ ತಯಾರಾಗುತ್ತದೆ. ಕೊಲೆಗಾರ ಯಾರು, ನಿಮಗೆ ಯಾವಾಗ ಗೊತ್ತಾಯಿತು ಎಂದು ತಿರುಗಿ ಕೇಳಿ; ಬೆನ್ನುಡಿ ನೋಡಿ ಹೇಳಲಾಗದ ಪ್ರಶ್ನೆಗೆ ಅವರ ಬಳಿ ಸಾಮಾನ್ಯವಾಗಿ ಉತ್ತರವಿರುವುದಿಲ್ಲ. ದುಡ್ಡು ಕೊಡಿ, ಪ್ರಕಟಿಸುತ್ತೇವೆ, ಸಿನಿಮಾ ಮಾಡಿಸುತ್ತೇವೆ ಎನ್ನುವವರ ಹೆಸರುಗಳನ್ನು ‘ರೈಟರ್ ಬಿವೇರ್’ ಎಂಬ ತಾಣದಲ್ಲಿ ಹುಡುಕಿ ನೋಡಿ. ವಿಜ್ಞಾನ ಕತೆ ಮತ್ತು ಫ್ಯಾಂಟಸಿ ಬರಹಗಾರರ ಅಮೆರಿಕದ ಸಂಘದ ಆಶ್ರಯದಲ್ಲಿ 1998ರಿಂದ ನಡೆಯುತ್ತಿರುವ ಅದು ಇಂಥ ವಂಚನೆಗಳನ್ನು ದಾಖಲಿಸುತ್ತ ಬಂದಿದೆ. ಅಲ್ಲಿ ಹೆಸರು ಸಿಗದಿದ್ದರೂ ನನ್ನ ನಿಯಮ ಬದಲಾಗುವುದಿಲ್ಲ: ಹೊಗಳಿಕೆಯ ಹಿಂದೆಯೇ ಬಿಲ್ಲು ಬಂದರೆ ಆ ಪತ್ರಕ್ಕೆ ಉತ್ತರವಿಲ್ಲ.